ಅಕ್ಕನ ಪಾದದ ಸಮೀಕರಣಗಳು

ನನಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಸುಳ್ಳೇನಲ್ಲ. ಆದರೆ ಆ ಕೋಪ ಇಲ್ಲದಿದ್ದರೆ ಒಂದು ಹೊಲಿಗೆ ಮೆಷಿನ್ನಿನ ಪೆಡಲ್‌ಗಾಗಿ ಇಡೀ ಮಳೆಗಾಲ ಸೈನ್, ಕೊಸೈನ್‌ಗಳ ಜೊತೆ ಜಗಳವಾಡುವ ಹುಚ್ಚು ನನಗೆ ಹಿಡಿಯುತ್ತಿರಲಿಲ್ಲ. ಹಟದಲ್ಲಿ ಅಕ್ಕ ನನಗಿಂತ ಒಂದು ಕೈ ಮೇಲು. ಅವಳದು ಸದ್ದಿಲ್ಲದ ಹಟ, ನನ್ನದು ಪಾತ್ರೆ ಕುಕ್ಕುವ ಹಟ, ಅಷ್ಟೇ ವ್ಯತ್ಯಾಸ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರದಲ್ಲಿ ಒಂದೊಂದೇ ಬ್ಲಾಕು ಏಳುತ್ತಿತ್ತು. ಯಡಿಯೂರು ಕೆರೆಯ ಕೆಳಗಿದ್ದ ನಮ್ಮ ಗದ್ದೆ ಬಡಾವಣೆಗೆ ಹೋಗಿ, ಅದರ ಮೇಲೆ ಸೈಟು ಕಲ್ಲುಗಳು ನಿಂತಿದ್ದವು. ಅಪ್ಪ ನೇಗಿಲು ಬಿಟ್ಟು, ಬನಶಂಕರಿ ಗುಡಿಯ ಕಡೆ ಹೋಗುವ ರಸ್ತೆಯಲ್ಲಿ ಸೌದೆ ಡಿಪೋ ಇಟ್ಟಿದ್ದರು. ಗದ್ದೆ ಹೋದ ವರ್ಷವೇ ಅವರು ಅಕ್ಕನಿಗೆ ಒಂದು ಹೊಲಿಗೆ ಮೆಷಿನ್ ತಂದುಕೊಟ್ಟಿದ್ದರು, ಕೈಯಲ್ಲಿ ತಿರುಗಿಸುವುದು.

ಕಾಲು ಮೆಷಿನ್ ತರಲಿಲ್ಲ, ಯಾಕೆಂದರೆ ಅಕ್ಕನ ಕಾಲು ಹಾಗಿತ್ತು. ಚಿಕ್ಕಂದಿನಲ್ಲಿ ಬಂದ ಜ್ವರ ಅವಳ ಎಡಗಾಲನ್ನು ಪೂರ್ತಿ ಸೊರಗಿಸಿಬಿಟ್ಟಿತ್ತು. ಬಲಗಾಲಿನ ತೊಡೆಯಲ್ಲಿ, ಮೀನಖಂಡದಲ್ಲಿ ಬಲ ಉಳಿದಿತ್ತು. ಆದರೆ ಕಣಕಾಲಿನ ಹರಡಿನ ಕೀಲು ಗಟ್ಟಿಯಾಗಿ, ಪಾದ ಮೇಲಕ್ಕೂ ಕೆಳಕ್ಕೂ ಸ್ವಲ್ಪವೇ ಆಡುತ್ತಿತ್ತು. ಕೋಲು ಹಿಡಿದು ಮನೆಯೊಳಗೂ ಬೀದಿಯ ಕೊನೆಯವರೆಗೂ ಓಡಾಡುತ್ತಿದ್ದಳು.

ಕೈ ಮೆಷಿನ್ನಿನ ಕಷ್ಟ ಹೊಲಿದವರಿಗೇ ಗೊತ್ತು. ಬಲಗೈ ಹಿಡಿಕೆ ತಿರುಗಿಸುವುದರಲ್ಲೇ ಕಳೆಯುತ್ತದೆ. ಬಟ್ಟೆಯನ್ನು ಎಡಗೈ ಒಂದೇ ದೂಡಬೇಕು. ದಿಂಬಿನ ಚೀಲ, ಲಂಗದ ಅಂಚು, ಕಿಟಕಿಯ ಪರದೆ ಇಂಥ ನೆಟ್ಟಗಿನ ಹೊಲಿಗೆಗೆ ಅದು ಸಾಕು. ರವಿಕೆಯ ಕೊರಳು, ತೋಳಿನ ಸುತ್ತು ಬಂತೋ, ಬಟ್ಟೆ ಒಂದು ಕಡೆ ಹೋಗುತ್ತದೆ, ಸೂಜಿ ಇನ್ನೊಂದು ಕಡೆ. ಹೊಸ ಬಡಾವಣೆಯ ಹೆಂಗಸರು ಅಕ್ಕನ ಹತ್ತಿರ ದಿಂಬಿನ ಬಟ್ಟೆ ಕೊಟ್ಟು, ರವಿಕೆಯ ಬಟ್ಟೆಯನ್ನು ಚೀಲದಲ್ಲೇ ಇಟ್ಟುಕೊಂಡು ಬೇರೆ ಕಡೆ ಹೋಗುತ್ತಿದ್ದರು. ಅಕ್ಕ ಆ ಚೀಲವನ್ನು ನೋಡುತ್ತಿದ್ದುದನ್ನು ನಾನು ನೋಡಿದ್ದೇನೆ. ಅವಳಿಗೆ ರವಿಕೆ ಹೊಲಿಯಬೇಕಿತ್ತು. ಬೇರೆ ಯಾವುದೂ ಬೇಡವಾಗಿತ್ತು.

ಜಯನಗರದ ಒಂದು ಮಹಿಳಾ ಸಮಾಜದಲ್ಲಿ ಹೊಲಿಗೆ ಕ್ಲಾಸು ನಡೆಯುತ್ತದೆ ಎಂದು ತಿಳಿದು, ಒಂದು ದಿನ ಅವಳನ್ನು ಜಟಕಾದಲ್ಲಿ ಕರೆದುಕೊಂಡು ಹೋದೆ. ಅಲ್ಲಿನ ಟೀಚರ್ ಬಿರುಸಿನ ಹೆಂಗಸು, ಆದರೆ ಕೆಟ್ಟವರಲ್ಲ. ಅಕ್ಕನ ಕೋಲನ್ನೂ ಕಾಲನ್ನೂ ನೋಡಿ ನೇರವಾಗಿಯೇ ಹೇಳಿದರು.

"ನೋಡಮ್ಮ, ನಮ್ಮಲ್ಲಿ ಕಾಲು ಮೆಷಿನ್ ತುಳಿಯೋಕೆ ಬಂದ್ರೆ ಮಾತ್ರ ಸೇರಿಸ್ಕೊಳ್ಳೋದು. ಎರಡೂ ಕೈ ಬಟ್ಟೆ ಮೇಲಿರ್ಬೇಕು. ದಸರಾ ಆದ್ಮೇಲೆ ಹೊಸ ಬ್ಯಾಚು. ಅಷ್ಟ್ರಲ್ಲಿ ತುಳಿಯೋಕೆ ಬಂದ್ರೆ ಬನ್ನಿ, ನಂಗೇನೂ ಅಡ್ಡಿಯಿಲ್ಲ."

ವಾಪಸು ಬರುವಾಗ ಜಟಕಾದಲ್ಲಿ ನಾನು ಟೀಚರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಸೌತ್ ಎಂಡ್ ಸರ್ಕಲ್ ದಾಟುವಾಗ ಅಕ್ಕ ನನ್ನ ಮಾತು ತಡೆದಳು.

"ಅವ್ರು ಹೇಳಿದ್ರಲ್ಲಿ ತಪ್ಪೇನಿದೆ? ನೀನು ಬಿ.ಎಸ್ಸಿ. ಮಾಡಿದ್ದೀಯಲ್ಲ, ದಿನಾ ಆಫೀಸಲ್ಲಿ ಅದೇ ಲೆಕ್ಕ ಹಾಕ್ತೀಯಲ್ಲ. ನನ್ನ ಕಾಲಿಗೆ ಸರಿಹೋಗೋ ಪೆಡಲ್ ಒಂದು ಮಾಡಿಸ್ಕೊಡು."

ಅಂಗಡಿಯಿಂದ ಹುಣಸೆಹಣ್ಣು ತಾ ಎನ್ನುವ ದನಿಯಲ್ಲಿ ಹೇಳಿದ್ದಳು. ನಾನೂ ಹಾಗೆಯೇ, "ಆಯ್ತು ಬಿಡು, ಅದೇನು ಮಹಾ" ಎಂದುಬಿಟ್ಟೆ.

ಅಪ್ಪ ಗುಜರಿಯಲ್ಲಿ ಹುಡುಕಿ ಹಳೆಯ ಕಾಲು ಮೆಷಿನ್ನಿನ ಎರಕದ ಸ್ಟ್ಯಾಂಡು ತಂದರು. ಅಕ್ಕ ಕೂತು ಪಾದವಿಟ್ಟಳು. ಚಕ್ರ ಒಂದು ಸುತ್ತು ಬರಬೇಕಾದರೆ ಪೆಡಲ್ ಎಷ್ಟು ಮೇಲೇರಿ ಎಷ್ಟು ಕೆಳಗಿಳಿಯುತ್ತದೋ, ಅದರ ಅರ್ಧದಷ್ಟೂ ಅವಳ ಪಾದ ಆಡುತ್ತಿರಲಿಲ್ಲ. ನಾನು ಸ್ಟ್ಯಾಂಡನ್ನು ಶ್ರೀನಗರದ ಕಡೆಯ ಒಂದು ವೆಲ್ಡಿಂಗ್ ಶೆಡ್ಡಿಗೆ ಸಾಗಿಸಿ, ಚಕ್ರಕ್ಕೆ ಅಂಟಿದ ಕ್ರ್ಯಾಂಕನ್ನು ಗಿಡ್ಡ ಮಾಡಿಸಿದೆ. ಪೆಡಲ್ ಆಟವೇನೋ ಸಣ್ಣದಾಯಿತು. ಆದರೆ ತುಳಿಯುವುದು ಒರಳು ತಿರುಗಿಸಿದಷ್ಟು ಭಾರವಾಯಿತು, ಚಕ್ರ ಮೇಲಿನ ತುದಿಗೊಮ್ಮೆ ಕೆಳಗಿನ ತುದಿಗೊಮ್ಮೆ ನಿಂತೇ ಹೋಗುತ್ತಿತ್ತು. ಇನ್ನೊಂದು ಸಲ ಕ್ರ್ಯಾಂಕಿಗೂ ಪೆಡಲಿಗೂ ನಡುವಿನ ಸರಳನ್ನು ಉದ್ದ ಮಾಡಿಸಿದೆ. ಪೆಡಲ್ ನೆಲಕ್ಕೆ ಬಡಿಯಿತು. ಮೂರನೆಯ ಸಲ ಹೋದಾಗ ಶೆಡ್ಡಿನ ಯಜಮಾನ ಕೈಮುಗಿದ.

"ಅಮ್ಮಾವ್ರೇ, ಯಾವ್ದು ಎಷ್ಟುದ್ದ ಅಂತ ಬರ್ದು ಕೊಡಿ, ಕೊಯ್ದು ಕೊಡ್ತೀನಿ. ಸುಮ್ನೆ ಹಿಂಗ್ಮಾಡಿ ಹಂಗ್ಮಾಡಿ ಅಂದ್ರೆ ನನ್ ಕಬ್ಬಿಣಾನೂ ಹಾಳು, ನಿಮ್ ಟೈಮೂ ಹಾಳು."

ಅವನ ಮಾತು ಸರಿಯಾಗಿಯೇ ಇತ್ತು. ಆ ಸಿಟ್ಟಿಗೆ ನಾನು ಕಾಗದ ಹಿಡಿದು ಕೂತೆ.

ನಾನಿದ್ದದ್ದು ಯಂತ್ರ ತಯಾರಿಸುವ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ. ಅಲ್ಲಿ ಒಂದು ಕೋಣೆಯಲ್ಲಿ ನಾವು ನಾಲ್ಕಾರು ಹುಡುಗಿಯರು ಸಾಲಾಗಿ ಕೂತು, ಇಂಜಿನಿಯರುಗಳು ಕಳಿಸುವ ಲೆಕ್ಕಗಳನ್ನು ಬಿಡಿಸುತ್ತಿದ್ದೆವು. ನಮ್ಮ ಹುದ್ದೆಯ ಹೆಸರೇ ಕಂಪ್ಯೂಟರ್. ಈಗ ಹೇಳಿದರೆ ಮಕ್ಕಳು ನಗುತ್ತಾರೆ. ಪ್ರತಿ ಮೇಜಿನ ಮೇಲೂ ಒಂದು ಕಬ್ಬಿಣದ ಲೆಕ್ಕದ ಮೆಷಿನ್, ಅದಕ್ಕೊಂದು ಹಿಡಿಕೆ. ಮುಂದಕ್ಕೆ ತಿರುಗಿಸಿದರೆ ಕೂಡುತ್ತದೆ, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತದೆ, ಸೊನ್ನೆಗಿಂತ ಕೆಳಗಿಳಿದರೆ ಟಿಣ್ ಎಂದು ಗಂಟೆ ಬಾರಿಸುತ್ತದೆ. ಸಂಜೆಯ ಹೊತ್ತಿಗೆ ಬಲಗೈ ರೆಟ್ಟೆ ನೋಯುತ್ತಿತ್ತು. ಮನೆಯಲ್ಲಿ ಅಕ್ಕನೂ ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತಾಳೆ, ಆಫೀಸಿನಲ್ಲಿ ನಾನೂ ತಿರುಗಿಸುತ್ತೇನೆ ಎಂದು ನಗು ಬರುತ್ತಿತ್ತು.

ಪೆಡಲ್ ಎಂದರೆ ನಿಜವಾಗಿ ನಾಲ್ಕು ಕಡ್ಡಿಗಳ ಆಟ. ಚಕ್ರದ ನಡುವಿನಿಂದ ಹೊರಟ ಕ್ರ್ಯಾಂಕು ಒಂದು. ಅದರ ತುದಿಯಿಂದ ಕೆಳಗಿಳಿಯುವ ಸರಳು ಎರಡು. ಸರಳಿನ ಕೆಳತುದಿಯನ್ನು ಹಿಡಿದ ಪೆಡಲಿನ ತೋಳು ಮೂರು. ಪೆಡಲಿನ ಕೀಲಿಗೂ ಚಕ್ರದ ನಡುವಿಗೂ ಇರುವ ದೂರ ನಾಲ್ಕನೆಯದು, ಅದು ಸ್ಟ್ಯಾಂಡಿನಲ್ಲೇ ಅಡಗಿರುತ್ತದೆ. ಚಕ್ರ ಇಷ್ಟು ಕೋನ ತಿರುಗಿದಾಗ ಪಾದ ಇಷ್ಟು ಕೋನದಲ್ಲಿರಬೇಕು ಎಂದು ಹೇಳಿದರೆ, ಅದು ಒಂದು ಸಮೀಕರಣ. ಅದರ ತುಂಬ ಸೈನು, ಕೊಸೈನು. ಅಕ್ಕನ ಪಾದ ಯಾವಾಗ ಎಲ್ಲಿರಬೇಕು ಎಂದು ನನಗೆ ಗೊತ್ತಾದರೆ, ಕಡ್ಡಿಗಳ ಉದ್ದ ಸಮೀಕರಣಗಳಿಂದ ಹೊರಬರಬೇಕು.

ಹಾಗಾಗಿ ಅಳತೆ ತೆಗೆದೆ. ಬೇಸಿಗೆಯ ಕೊನೆಯ ಒಂದು ಭಾನುವಾರ, ಹಜಾರದಲ್ಲಿ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಪಾದದ ಪಕ್ಕಕ್ಕೆ ಒಂದು ದಪ್ಪ ರಟ್ಟು ನಿಲ್ಲಿಸಿದೆ. ಚಕ್ರವನ್ನು ಗಡಿಯಾರವೆಂದುಕೊಂಡೆ. ಹನ್ನೆರಡರಲ್ಲಿ ಪಾದ ಎಲ್ಲಕ್ಕಿಂತ ಮೇಲೆ, ಆರರಲ್ಲಿ ಎಲ್ಲಕ್ಕಿಂತ ಕೆಳಗೆ, ಮತ್ತೆ ಹನ್ನೆರಡಕ್ಕೆ ಮೇಲೆ.

"ನಾನು ಎಣಿಸ್ತಾ ಹೋಗ್ತೀನಿ, ನೀನು ನಿಧಾನವಾಗಿ ಪಾದ ಒತ್ತು. ನಿನಗೆಷ್ಟು ಹಿತವೋ ಅಷ್ಟೇ."

ಒಂದು, ಎರಡು, ಮೂರು ಎಂದು ಎಣಿಸಿದೆ. ಪ್ರತಿ ಎಣಿಕೆಗೂ ಹೆಬ್ಬೆರಳಿನ ತುದಿಯ ನೇರಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಅಕ್ಕ ಮೊಣಕಾಲಿನ ಮೇಲೆ ಸೀರೆಯ ಸೆರಗು ಹರಡಿಕೊಂಡು ಗಂಭೀರವಾಗಿ ಕೂತಿದ್ದಳು. ಆರು ಎನ್ನುವ ಹೊತ್ತಿಗೆ ಅವಳ ಹಣೆಯ ಮೇಲೆ ಬೆವರು ಮೂಡಿತ್ತು. ಸೆಕೆ ಎಂದುಕೊಂಡೆ. ನಾನು ಅಂದುಕೊಂಡಿದ್ದಕ್ಕಿಂತ ಪಾದ ಚೆನ್ನಾಗಿಯೇ ಬಗ್ಗಿತಲ್ಲ ಎಂದು ಖುಷಿಯೂ ಆಯಿತು.

ಗಡಿಯಾರದ ಹನ್ನೆರಡು ಅಂಕೆಗೆ ಹನ್ನೆರಡು ಸಮೀಕರಣ. ಗೊತ್ತಿಲ್ಲದ್ದು ಐದು: ಕ್ರ್ಯಾಂಕು, ಸರಳು, ತೋಳು ಇವುಗಳ ಉದ್ದ, ಕೀಲು ಎಷ್ಟು ಮುಂದಿರಬೇಕು ಎಂಬುದು, ತೋಳಿಗೂ ಪಾದದ ಹಲಗೆಗೂ ನಡುವಿನ ಕೋನ. ಐದು ಸಮೀಕರಣ ಆರಿಸಿ ಬಿಡಿಸಿದರೆ ಮಿಕ್ಕ ಏಳು ಕೈಕೊಡುತ್ತಿದ್ದವು. ತಲೆ ಕೆಟ್ಟುಹೋಗಿ ನಮ್ಮ ಕೋಣೆಯ ಮೇಲ್ವಿಚಾರಕರ ಹತ್ತಿರ ಹೋದೆ. ಹಣೆಗೆ ದಪ್ಪ ವಿಭೂತಿ ಹಚ್ಚಿಕೊಂಡು, ಯಾರು ಏನು ಕೇಳಿದರೂ ಮೊದಲು ಕನ್ನಡಕ ಒರೆಸುತ್ತಿದ್ದ ಹಿರಿಯ ಇಂಜಿನಿಯರ್ ಅವರು. ಒರೆಸಿ ಮುಗಿಸಿ ಹೇಳಿದರು:

"ಐದು ಅಜ್ಞಾತಕ್ಕೆ ಹನ್ನೆರಡು ಸಮೀಕರಣ ಅಂದ್ಮೇಲೆ ಪೂರ್ತಿ ಬಿಡಿಸೋ ಆಸೆ ಬಿಟ್ಬಿಡಮ್ಮ. ಎಲ್ಲಾದ್ರಲ್ಲೂ ಚೂರು ಚೂರು ತಪ್ಪು ಉಳ್ಯೋದೇ. ಆ ಹನ್ನೆರಡು ತಪ್ಪನ್ನ ವರ್ಗ ಮಾಡಿ ಕೂಡ್ಸು. ಒಂದೇ ಒಂದು ಸಂಖ್ಯೆ ಬರುತ್ತೆ. ಅದನ್ನ ಎಷ್ಟು ಇಳಿಸೋಕಾಗುತ್ತೋ ಇಳ್ಸು. ಅದೇ ನಿನ್ನ ಉತ್ತರ."

"ಮೆಷಿನ್ ಬಳಸ್ಕೊಳ್ಳಬಹುದಾ ಸಾರ್?"

"ಊಟದ ಹೊತ್ನಲ್ಲಿ ಬಳಸ್ಕೋ. ಹಿಡಿಕೆ ಮುರೀಬೇಡ."

ಅಂದಿನಿಂದ ನನ್ನ ಊಟ ಬಲಗೈಯಲ್ಲಿ ಹಿಡಿಕೆ, ಎಡಗೈಯಲ್ಲಿ ಚಿತ್ರಾನ್ನ ಎಂಬಂತಾಯಿತು. ಎಡಗೈಯಲ್ಲಿ ತಿನ್ನುತ್ತೇನೆಂದು ಗೊತ್ತಾದರೆ ಅಮ್ಮ ಮೈಮೇಲೆ ಏರಿ ಬರುತ್ತಿದ್ದಳು, ಅದಕ್ಕೇ ಚಮಚ ತೆಗೆದುಕೊಂಡು ಹೋಗುತ್ತಿದ್ದೆ.

ಕೆಲಸದ ರೀತಿ ಹೀಗೆ. ಮೊದಲು ಐದು ಅಳತೆಗಳನ್ನೂ ಅಂದಾಜಿಗೆ ಹಿಡಿಯುವುದು. ಗಡಿಯಾರದ ಪ್ರತಿ ಅಂಕೆಗೂ ಕ್ರ್ಯಾಂಕಿನ ತುದಿ ಎಲ್ಲಿರುತ್ತದೆ, ತೋಳಿನ ತುದಿ ಎಲ್ಲಿರುತ್ತದೆ ಎಂದು ಸೈನ್, ಕೊಸೈನ್ ಪಟ್ಟಿ ನೋಡಿ ಲೆಕ್ಕ ಹಾಕುವುದು. ಅವೆರಡರ ನಡುವಿನ ದೂರ ಸರಳಿನ ಉದ್ದಕ್ಕೆ ಸಮನಾಗಿರಬೇಕಲ್ಲ, ಎಷ್ಟು ವ್ಯತ್ಯಾಸ ಬಂತೋ ಅದೇ ತಪ್ಪು. ಹನ್ನೆರಡು ತಪ್ಪುಗಳ ವರ್ಗ ಕೂಡಿಸಿದರೆ ಮೊತ್ತ. ಆಮೇಲೆ ಕ್ರ್ಯಾಂಕನ್ನು ಒಂದು ಕೂದಲೆಳೆಯಷ್ಟು ಉದ್ದ ಮಾಡಿ ಮತ್ತೆ ಪೂರ್ತಿ ಲೆಕ್ಕ. ಮೊತ್ತ ಏರಿತೋ ಇಳಿಯಿತೋ, ಎಷ್ಟು? ಹಾಗೆಯೇ ಸರಳು, ಹಾಗೆಯೇ ತೋಳು. ಐದನ್ನೂ ಅಲುಗಾಡಿಸಿ ನೋಡಿದ ಮೇಲೆ, ಯಾವುದನ್ನು ಯಾವ ಕಡೆಗೆ ಎಷ್ಟು ಸರಿಸಿದರೆ ಮೊತ್ತ ಬೇಗ ಇಳಿಯುತ್ತದೆ ಎಂದು ತಿಳಿಯುತ್ತದೆ. ಐದನ್ನೂ ಒಟ್ಟಿಗೆ ಆ ಕಡೆ ಸರಿಸಿ, ಅಲ್ಲಿಂದ ಮತ್ತೆ ಮೊದಲಿನಿಂದ. ಈಗಿನ ಯಂತ್ರಗಳು ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತವಂತೆ. ನನಗೆ ಒಂದು ಹೆಜ್ಜೆ ಇಳಿಯಲು ವಾರದ ಊಟದ ಹೊತ್ತೆಲ್ಲ ಬೇಕಾಗುತ್ತಿತ್ತು.

ಕೆರೆಯ ಕೆಳಗೆ ಬೆಳೆದವಳಿಗೆ ಇದು ಅರ್ಥವಾಗದ ಸಂಗತಿಯಲ್ಲ. ನಮ್ಮ ಕಡೆ ದಿಣ್ಣೆಯ ಮೇಲೆ ಬಿದ್ದ ಮಳೆ ತನ್ನ ಕಾಲ ಬುಡದ ಇಳಿಜಾರನ್ನಷ್ಟೇ ನೋಡಿಕೊಂಡು ಹರಿಯುತ್ತದೆ. ದಿಣ್ಣೆಯ ಈ ಕಡೆ ಬಿದ್ದ ನೀರು ಯಡಿಯೂರು ಕೆರೆ ಸೇರಿದರೆ, ಆ ಕಡೆ ಬಿದ್ದದ್ದು ಬೇರೆ ಕೆರೆ ಸೇರುತ್ತದೆ. ಇನ್ನೂ ತಗ್ಗಿನಲ್ಲಿ ಇನ್ನೊಂದು ಕೆರೆ ಇದೆ ಎಂದು ನೀರಿಗೆ ಗೊತ್ತಿರುವುದಿಲ್ಲ. ಹಾಗೆಯೇ ನನ್ನ ಲೆಕ್ಕವೂ ಎಲ್ಲಿಂದ ಹೊರಟೆನೋ ಅದರ ಪಕ್ಕದ ತಗ್ಗಿಗೆ ಹೋಗಿ ನಿಲ್ಲಬಹುದು. ಅದಕ್ಕೇ ಬೇರೆ ಬೇರೆ ಅಂದಾಜಿನಿಂದ ಹೊರಟು ನೋಡಬೇಕಿತ್ತು.

ಮೊತ್ತ ಮೊದಮೊದಲು ಚೆನ್ನಾಗಿ ಇಳಿಯಿತು. ಜೂನ್ ಕಳೆದು ಮಳೆ ಹಿಡಿಯುವ ಹೊತ್ತಿಗೆ ಒಂದು ಕಡೆ ಬಂದು ಕೂತುಬಿಟ್ಟಿತು. ಎಷ್ಟು ಅಲುಗಾಡಿಸಿದರೂ ಇಳಿಯದು. ಕೆಟ್ಟ ಕೆರೆಗೆ ಬಿದ್ದೆ ಎಂದುಕೊಂಡು, ಬೇರೆ ಅಂದಾಜಿನಿಂದ ಹೊರಟೆ. ಸುತ್ತಿ ಬಳಸಿ ಅಲ್ಲಿಗೇ ಬಂತು. ಮತ್ತೊಂದು ಕಡೆಯಿಂದ ಹೊರಟರೂ ಅಲ್ಲಿಗೇ. ಅದಕ್ಕಿಂತ ತಗ್ಗು ಇಲ್ಲವೆಂದಾಯಿತು. ಆದರೆ ಆ ಮೊತ್ತದಲ್ಲಿ ಪೆಡಲ್ ಮಾಡಿಸಿದರೆ ಚಕ್ರ ತಿರುಗುವ ಮಾತೇ ಇರಲಿಲ್ಲ. ತಪ್ಪುಗಳು ಅಷ್ಟು ದೊಡ್ಡವಿದ್ದವು.

ಹಾಗಾದರೆ ನನ್ನ ಲೆಕ್ಕದಲ್ಲೇ ಎಡವಟ್ಟು ಎಂದುಕೊಂಡೆ. ನಮ್ಮ ಕೋಣೆಯಲ್ಲಿ ಎಲ್ಲರೂ ಮಾಡುತ್ತಿದ್ದ ತಪ್ಪೊಂದಿತ್ತು. ಕೋನ ಹೆಚ್ಚಿದಂತೆ ಸೈನ್ ಹೆಚ್ಚುತ್ತದೆ, ಕೊಸೈನ್ ಕಡಿಮೆಯಾಗುತ್ತದೆ. ಪಟ್ಟಿಯ ಪಕ್ಕದಲ್ಲಿ ಕೊಟ್ಟ ಸಣ್ಣ ಅಂಕೆಯನ್ನು ಸೈನಿಗೆ ಕೂಡಿಸಬೇಕು, ಕೊಸೈನಿಗೆ ಕಳೆಯಬೇಕು. ಹಸಿವಿನಲ್ಲಿ ಕೈ ತಾನಾಗಿ ಕೂಡಿಸಿಬಿಡುತ್ತದೆ. ಒಂದು ವಾರ ಪೂರ್ತಿ ಬರೀ ಕೊಸೈನುಗಳನ್ನೇ ಮತ್ತೆ ತಿದ್ದಿದೆ. ಒಂದೆರಡು ಕಡೆ ತಪ್ಪು ಸಿಕ್ಕಿತು, ಸರಿಮಾಡಿದೆ. ಮೊತ್ತ ಅಲ್ಲಾಡಲಿಲ್ಲ. ಮನೆಗೆ ಬಂದು ಪೆನ್ಸಿಲನ್ನು ಗೋಡೆಗೆ ಬೀಸಿ ಎಸೆದೆ.

"ಪೆನ್ಸಿಲು ಏನು ಮಾಡಿತ್ತೇ ನಿಂಗೆ?" ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳಿದಳು. "ಕೈಲಾಗಲ್ಲ ಅಂದ್ರೆ ಬಿಟ್ಟಾಕು. ಅವಳೂ ಆಸೆ ಇಟ್ಕೊಂಡು ಕೂತಿರೋದು ತಪ್ಪುತ್ತೆ."

ಅಕ್ಕ ಕುಂಟುತ್ತ ಎದ್ದು ಹೋಗಿ ಪೆನ್ಸಿಲನ್ನು ಎತ್ತಿಕೊಂಡು, ತುದಿ ಮುರಿದದ್ದನ್ನು ನೋಡಿ, ಬ್ಲೇಡಿನಲ್ಲಿ ಚೂಪು ಮಾಡಿ ನನ್ನ ಮುಂದಿಟ್ಟಳು. ಬಿಡುವುದಿಲ್ಲ ಎಂದು ಆಗಲೇ ತೀರ್ಮಾನಿಸಿದೆ. ಅಮ್ಮನ ಮಾತು ಹಿಡಿಸಲಿಲ್ಲ ಎನ್ನುವುದೂ ಒಂದು ಕಾರಣ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಮೆಷಿನ್ ಮುಟ್ಟಲಿಲ್ಲ. ಇಷ್ಟು ದಿನ ಆ ಒಂದು ಮೊತ್ತವನ್ನೇ ದಿಟ್ಟಿಸುತ್ತಿದ್ದೆ, ಅದರೊಳಗಿನ ಹನ್ನೆರಡು ತಪ್ಪುಗಳ ಮುಖ ನೋಡಿರಲೇ ಇಲ್ಲ. ಕಾಗದದ ಮೇಲೆ ಒಂದು ಗಡಿಯಾರ ಬರೆದು, ಪ್ರತಿ ಅಂಕೆಯ ಪಕ್ಕದಲ್ಲಿ ಅಲ್ಲಿನ ತಪ್ಪನ್ನು ಬರೆದೆ. ಮೇಲಿನ ಅಂಕೆಗಳಲ್ಲೆಲ್ಲ ತಪ್ಪು ಸಾಸಿವೆಯಷ್ಟು. ಐದು, ಆರು, ಏಳು ಈ ಮೂರರಲ್ಲಿ ಮಾತ್ರ ಗುಂಡುಗುಂಡಾಗಿ ಕೂತಿತ್ತು. ಮೂರೂ ಒಂದೇ ಕಡೆಗೆ ವಾಲಿದ್ದವು. ಕಡ್ಡಿಗಳು ಏನೇ ಮಾಡಿದರೂ ಅಕ್ಕನ ಪಾದ ಹೋಗಿದ್ದಷ್ಟು ಕೆಳಗೆ ಹೋಗಲು ಒಪ್ಪುತ್ತಿರಲಿಲ್ಲ.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಅಟ್ಟದ ಮೇಲಿನ ರಟ್ಟು ತೆಗೆದೆ. ನಾಲ್ಕರವರೆಗೆ ಗುರುತುಗಳು ಒಂದರ ಕೆಳಗೊಂದು ಒತ್ತೊತ್ತಾಗಿ, ನಾಲ್ಕರ ಹತ್ತಿರ ಇನ್ನೇನು ನಿಲ್ಲುತ್ತವೆ ಎನ್ನುವಂತೆ ಬಂದಿದ್ದವು. ಐದರಲ್ಲಿ ಒಮ್ಮೆಲೇ ಕೆಳಗೆ ಹಾರಿದ್ದವು, ಆರರಲ್ಲಿ ಇನ್ನೂ ಕೆಳಗೆ. ಯಾರ ಪಾದವೂ ಹಾಗೆ ಹಾರುವುದಿಲ್ಲ. ಬೇಸಿಗೆಯಿಂದ ನನ್ನ ಕಣ್ಣೆದುರೇ ಇದ್ದ ಸಂಗತಿ. ಅಷ್ಟು ಹೊತ್ತಿಗೆ ನನಗೆ ಎಲ್ಲ ಹೊಳೆದಿತ್ತು. ಅವತ್ತು ಅವಳ ಹಣೆಯ ಮೇಲೆ ಮೂಡಿದ್ದ ಬೆವರು ಸೆಕೆಯದಾಗಿರಲಿಲ್ಲ.

ಅಕ್ಕ ಹಜಾರದಲ್ಲಿ ಮೊರ ಇಟ್ಟುಕೊಂಡು ಹುರಳಿಕಾಯಿ ನಾರು ತೆಗೆಯುತ್ತಿದ್ದಳು. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ರಟ್ಟು ನಿಲ್ಲಿಸಿದೆ.

"ಪಾದ ಒತ್ತು. ಎಣಿಸ್ತೀನಿ."

"ಈಗ್ಯಾಕೆ? ಅವತ್ತೇ ಅಳೆದ್ಯಲ್ಲ."

"ಒತ್ತು ಅಂದೆ."

ಒಂದು, ಎರಡು, ಮೂರು, ನಾಲ್ಕು. ಐದು ಎನ್ನುವಷ್ಟರಲ್ಲಿ ಸೆರಗಿನ ಕೆಳಗೆ ಅವಳ ಬಲಗೈ ಸರಿಯಿತು. ನಾನು ಸೆರಗು ಎಳೆದುಬಿಟ್ಟೆ. ಅಂಗೈ ಮೊಣಕಾಲಿನ ಮೇಲಿತ್ತು. ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಪಾದವನ್ನು ಕೆಳಕ್ಕೆ ದೂಡುತ್ತಿದ್ದಳು. ಮೆಷಿನ್ನಿನ ಮುಂದೆ ಕೂತಾಗ ಆ ಕೈ ಬಟ್ಟೆಯ ಮೇಲಿರಬೇಕು, ಮೊಣಕಾಲಿನ ಮೇಲಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಎರಡು ತಿಂಗಳು! ಊಟ ಬಿಟ್ಟು ತಿರುಗಿಸಿದ್ದೀನಿ ಕಣೇ ಅಕ್ಕಾ! ಯಾರ ಕಾಲಿಗೆ ಲೆಕ್ಕ ಹಾಕಿದೆ ನಾನು? ಇಲ್ಲದಿರೋ ಕಾಲಿಗೆ!" ಎಂದು ಬೀದಿಗೆ ಕೇಳುವಂತೆ ಕೂಗಾಡಿದೆ.

ಅವಳು ತಲೆ ತಗ್ಗಿಸಲಿಲ್ಲ. ಹುರಳಿಕಾಯಿ ಒಂದನ್ನು ಮುರಿದು ನಾರು ಎಳೆಯುತ್ತ ಹೇಳಿದಳು.

"ನಾಲ್ಕಕ್ಕೇ ನಿಲ್ಲುತ್ತೆ ಅಂದಿದ್ರೆ ನೀನು ಆಗಲ್ಲ ಬಿಡು ಅಂತಿದ್ದೆ."

"ನಾನು ಹಾಗಂತಿದ್ನಾ?"

"ಎಲ್ರೂ ಹಾಗೇ ಅಂದಿದ್ದು ಕಣೇ. ಡಾಕ್ಟ್ರು ಅಂದ್ರು, ಸ್ಕೂಲಲ್ಲಿ ಅಂದ್ರು, ಅಮ್ಮ ದಿನಾ ಅಂತಾಳೆ. ಸ್ವಲ್ಪ ಜಾಸ್ತಿ ತೋರಿಸಿದ್ರೆ ತಾನೇ ಯಾರಾದ್ರೂ ಕೆಲಸ ಶುರು ಮಾಡೋದು? ಶುರು ಮಾಡಿದ್ಮೇಲೆ ಹೇಗೋ ನೋವು ತಡ್ಕೊಂಡು ತುಳಿದ್ಬಿಡ್ತೀನಿ ಅಂದ್ಕೊಂಡೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಳು ಬಂತು, ತಡೆದುಕೊಂಡೆ. ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು, ಆದರೆ ನಮ್ಮ ಮನೆಯಲ್ಲಿ ಅಂಥ ಅಭ್ಯಾಸವಿರಲಿಲ್ಲ. ಮೂಗು ಒರೆಸಿಕೊಂಡು ಹೇಳಿದೆ:

"ನೋಡು, ಈ ಸಮೀಕರಣಕ್ಕೆ ನಿನ್ನ ಪಾದ ಕಮ್ಮಿ ಆಡುತ್ತೆ ಅಂತ ಬೇಜಾರೇನೂ ಇಲ್ಲ. ಕಮ್ಮಿ ಅಂದ್ರೆ ಕಮ್ಮಿಗೆ ಒಂದು ಉತ್ತರ ಕೊಡುತ್ತೆ. ಸುಳ್ಳು ಹೇಳಿದ್ರೆ ಮಾತ್ರ ಮುಷ್ಕರ ಹೂಡುತ್ತೆ. ಇನ್ನೊಂದ್ಸಲ ಅಳೀತೀನಿ. ಎರಡೂ ಕೈ ಮೇಲೆತ್ತು."

"ಎಲ್ಲಿ ಇಟ್ಕೊಳ್ಲಿ?"

"ಆ ಮೊರ ತಲೆ ಮೇಲೆ ಹಿಡ್ಕೋ."

ಹುರಳಿಕಾಯಿ ತುಂಬಿದ ಮೊರವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದು ಅಕ್ಕ ಕೂತಳು. ನಾನು ನೆಲದಲ್ಲಿ ಬಗ್ಗಿ ಎಣಿಸುತ್ತ ಗುರುತು ಹಾಕಿದೆ. ಒಲೆಯ ಮುಂದಿನಿಂದ ಎದ್ದು ಬಂದ ಅಮ್ಮ ಬಾಗಿಲಲ್ಲೇ ನಿಂತಳು.

"ಇದ್ಯಾವ ಪೂಜೆನ್ರೇ ನಿಮ್ದು?"

ಅಕ್ಕ ನಕ್ಕಳು, ಮೊರ ಅಲುಗಾಡಿ ನನ್ನ ಬೆನ್ನ ಮೇಲೆ ಹುರಳಿಕಾಯಿ ಉದುರಿದವು. ಪಾದ ನಾಲ್ಕರ ಗೆರೆಯಲ್ಲೇ ನಿಂತಿತು. ಆ ಗೆರೆಯೇ ಇನ್ನು ಕೆಳಗಿನ ತುದಿ ಎಂದು ದಪ್ಪವಾಗಿ ತಿದ್ದಿದೆ. ಅಷ್ಟೇ ಜಾಗವನ್ನು ಗಡಿಯಾರದ ಹನ್ನೆರಡು ಅಂಕೆಗೆ ಹೊಸದಾಗಿ ಹಂಚಿದೆ.

ನಿಜವಾದ ಪಾದವನ್ನು ಕೊಟ್ಟ ಮೇಲೆ ಮೊತ್ತ ಇಳಿದ ಬಗೆ ನೋಡಬೇಕಿತ್ತು. ಕೋಡಿ ಒಡೆದಂತೆ ಇಳಿಯಿತು. ಉಳಿದ ಚೂರು ತಪ್ಪನ್ನು ಎಲ್ಲಿ ಉಳಿಸಬೇಕೆಂದು ಮೇಲ್ವಿಚಾರಕರನ್ನು ಕೇಳಿದೆ. ಅವರು ಕನ್ನಡಕ ಒರೆಸಿ, "ಎಲ್ಲಾ ತಪ್ಪಿಗೂ ಒಂದೇ ತೂಕ ಯಾಕೆ ಕೊಡ್ತೀಯಾ? ಎಲ್ಲಿ ತಪ್ಪಿದ್ರೆ ನೋವಾಗುತ್ತೋ ಅಲ್ಲಿಗೆ ಜಾಸ್ತಿ ಕೊಡು" ಎಂದರು. ಕೆಳಗಿನ ಮೂರು ಅಂಕೆಗಳ ತಪ್ಪಿಗೆ ಹೆಚ್ಚು ತೂಕ ಕೊಟ್ಟು, ಮೇಲೆ ಸ್ವಲ್ಪ ಹೆಚ್ಚು ಕಡಿಮೆಯಾದರೂ ಸರಿ ಎಂದು ಬಿಟ್ಟೆ. ಗಣೇಶನ ಹಬ್ಬದ ಹೊತ್ತಿಗೆ ಐದೂ ಅಳತೆ ಕೈಗೆ ಬಂದವು. ಆಫೀಸಿನಲ್ಲಿ ಆಗಲೇ ಮಿಲಿಮೀಟರ್ ಬಂದಿತ್ತು. ಶೆಡ್ಡಿನಲ್ಲಿ ಇನ್ನೂ ಕಾಲು ಇಂಚು, ಅರೆಕಾಲು ಇಂಚು. ಎಲ್ಲವನ್ನೂ ಇಂಚಿಗೆ ತಿರುಗಿಸಿ ಬರೆದುಕೊಟ್ಟೆ.

ಶೆಡ್ಡಿನ ಯಜಮಾನ ಚೀಟಿ ನೋಡಿ, "ಇಷ್ಟಕ್ಕೆ ಇಷ್ಟು ದಿನಾನಾ ಅಮ್ಮಾವ್ರೇ?" ಎಂದ. ಅವನ ಮೇಲೂ ಸಿಟ್ಟು ಬಂತು. ಆದರೆ ಕೆಲಸ ಚೊಕ್ಕವಾಗಿ ಮಾಡಿಕೊಟ್ಟ.

ಸ್ಟ್ಯಾಂಡು ಮನೆಗೆ ಬಂದ ದಿನ ಅಪ್ಪ ಡಿಪೋ ಬೇಗ ಮುಚ್ಚಿ ಬಂದು, ಕೈ ಮೆಷಿನ್ನಿನ ಹಿಡಿಕೆ ಬಿಚ್ಚಿ ಅದನ್ನೇ ಸ್ಟ್ಯಾಂಡಿನ ಮೇಲೆ ಕೂರಿಸಿ ಬೆಲ್ಟು ಹಾಕಿದರು. ಅಕ್ಕ ಒಂದು ಹಳೆಯ ಸೀರೆಯ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ದುಂಡಗೆ ಕೊರಳು ಬರೆದುಕೊಂಡು ಕೂತಳು. ಕೈಯಿಂದ ಚಕ್ರಕ್ಕೆ ಒಂದು ಏಟು ಕೊಟ್ಟು ಪಾದ ಒತ್ತಿದಳು. ಚಕ್ರ ಹಿಂದಕ್ಕೆ ತಿರುಗಿ ದಾರ ತುಂಡಾಯಿತು. ಅಮ್ಮ ಸಣ್ಣಗೆ "ಅಯ್ಯೋ" ಎಂದಳು. ಅಕ್ಕ ತಿರುಗಿಯೂ ನೋಡದೆ ಸೂಜಿಗೆ ದಾರ ಪೋಣಿಸಿದಳು. ಇನ್ನೊಂದು ಏಟು. ಈ ಸಲ ಚಕ್ರ ಮುಂದಕ್ಕೆ ಹೋಯಿತು. ಹನ್ನೆರಡು ದಾಟಿತು, ಆರು ದಾಟಿತು, ನಿಲ್ಲಲಿಲ್ಲ. ಅವಳ ಪಾದ ಅಷ್ಟೇ ಸಣ್ಣದಾಗಿ, ಮಗುವನ್ನು ತೊಡೆಯ ಮೇಲೆ ಹಾಕಿ ಕಾಲಾಡಿಸುವವರಂತೆ ಆಡುತ್ತಿತ್ತು. ಎರಡೂ ಕೈ ಬಟ್ಟೆಯ ಮೇಲಿದ್ದವು. ಸೂಜಿ ಸುಣ್ಣದ ಗೆರೆಯ ಮೇಲೆಯೇ ದುಂಡಗೆ ಸುತ್ತಿ ಬಂತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅಂಗಳಕ್ಕೆ ಹೋಗಿ ಸುಮ್ಮನೆ ಒಂದು ಸುತ್ತು ಹಾಕಿ ಬಂದೆ.

ದಸರಾ ಕಳೆದ ಮೇಲೆ ಆ ಮೆಷಿನ್ನನ್ನೂ ಅಕ್ಕನನ್ನೂ ಅಪ್ಪನ ಸೌದೆ ಗಾಡಿಯಲ್ಲೇ ಮಹಿಳಾ ಸಮಾಜಕ್ಕೆ ಕರೆದೊಯ್ದೆವು. ಟೀಚರ್ ಒಂದು ತೋಳಿನ ತುಂಡು ಕೊಟ್ಟು, ಕೂಡಿಸಿ ತೋರಿಸು ಎಂದರು. ಅಕ್ಕ ಹೊಲಿಯುವಷ್ಟು ಹೊತ್ತೂ ಅವರು ಕಾಲಿನ ಕಡೆ ಕಣ್ಣು ಹಾಯಿಸಲಿಲ್ಲ, ಕೈಗಳನ್ನೇ ನೋಡುತ್ತಿದ್ದರು. ಕೊನೆಗೆ ಹೊಲಿಗೆಯನ್ನು ಬೆಳಕಿಗೆ ಹಿಡಿದು, "ಎಳೆ ಸ್ವಲ್ಪ ಬಿಗಿಯಾಗಿದೆ, ಸಡಿಲ ಮಾಡ್ಕೋ. ಸೋಮವಾರದಿಂದ ಬಾ" ಎಂದರು. ಅಕ್ಕ ಕ್ಲಾಸು ಮುಗಿಸಿದಳು. ಚೀಲದಲ್ಲೇ ಉಳಿಯುತ್ತಿದ್ದ ರವಿಕೆಯ ಬಟ್ಟೆಗಳು ಒಂದೊಂದಾಗಿ ನಮ್ಮ ಹಜಾರಕ್ಕೆ ಬರತೊಡಗಿದವು.

ಇದಾಗಿ ಎರಡು ಮೂರು ವರ್ಷವಾಗಿರಬೇಕು. ಅಷ್ಟು ಹೊತ್ತಿಗೆ ಅಕ್ಕ ಬೆಳಗಿನಿಂದ ಸಂಜೆಯವರೆಗೆ ತುಳಿಯುತ್ತಿದ್ದಳು. ಒಂದು ಭಾನುವಾರ ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದೆ. ಹಜಾರದಿಂದ ಅವಳ ದನಿ ಬಂತು.

"ಆ ಹಳೇ ರಟ್ಟು ತಗೊಂಡು ಬಾರೇ."

ಹೋಗಿ ನೋಡಿದರೆ ಅಕ್ಕ ಕುರ್ಚಿಯಲ್ಲಿ ಕೂತು, ಖಾಲಿ ಮೊರವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದಾಳೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲು ಕಾಣುವಂತೆ ಕೂತಿದ್ದಾಳೆ. ರಟ್ಟನ್ನು ಅವಳ ಪಾದದ ಪಕ್ಕಕ್ಕೆ ನಿಲ್ಲಿಸಿ ನೆಲಕ್ಕೆ ಬಗ್ಗಿದೆ.

"ಎಣಿಸು," ಎಂದಳು.

ಒಂದು, ಎರಡು, ಮೂರು ಎಂದೆ. ನಾಲ್ಕು ಎಂದೆ. ದಪ್ಪ ಗೆರೆಯ ಹತ್ತಿರ ಪಾದ ನಿಲ್ಲಲಿಲ್ಲ, ನಿಧಾನವಾಗಿ ಇಳಿಯುತ್ತಲೇ ಹೋಯಿತು. ನಾನು ತಲೆಯೆತ್ತಿ ನೋಡಿದೆ. ಎರಡೂ ಕೈ ಮೊರದ ಮೇಲೆಯೇ ಇದ್ದವು. ಐದು ಎಂದೆ. ಎಂದೋ ಕೈಯೊತ್ತಿ ಸುಳ್ಳು ಹೇಳಿ ನನ್ನಿಂದ ಹಾಕಿಸಿದ್ದ ಗುರುತನ್ನು ಅವಳ ಹೆಬ್ಬೆರಳು ಮುಟ್ಟಿ ನಿಂತಿತು.

"ಆರು ಇನ್ನೂ ಆಗಲ್ಲ," ಎಂದಳು ಅಕ್ಕ, ಮೊರ ಇಳಿಸದೆ. "ಐದಕ್ಕೆ ಲೆಕ್ಕ ಹಾಕು."